ಗ್ರಾಫಿಕ್ಸ್ ಕಾರ್ಡಿನ ವಿರುದ್ಧ ನನ್ನ ಹನ್ನೊಂದು ದಿನಗಳ ಹೋರಾಟ

ಸಿಟ್ಟು ಬರಲು ಕೆಲವರಿಗೆ ಕಾರಣ ಹುಡುಕಬೇಕಾಗುತ್ತದಂತೆ. ನನಗೆ ಆ ಕಷ್ಟ ಎಂದೂ ಬಂದದ್ದಿಲ್ಲ. ನಿಲ್ದಾಣದಲ್ಲಿ ನಿಲ್ಲದೆ ಇಪ್ಪತ್ತು ಮಾರು ಮುಂದೆ ಹೋಗಿ ನಿಲ್ಲುವ ಬಸ್ಸು, ಗಂಡಸರ ಮೇಜಿಗೆ ಮೊದಲು ಚಹಾ ತಂದಿಡುವ ಹೋಟೆಲು, ಹುಡುಗರಿಗೆ ಭೂಪಟವನ್ನೂ ಹುಡುಗಿಯರಿಗೆ ಹೊಲಿಗೆ ಪೆಟ್ಟಿಗೆಯನ್ನೂ ಬಹುಮಾನ ಕೊಡುವ ಶಾಲಾ ವಾರ್ಷಿಕೋತ್ಸವ, ಇವುಗಳಲ್ಲಿ ಒಂದನ್ನೂ ನಾನು ಖಂಡಿಸದೆ ಬಿಟ್ಟವನಲ್ಲ. ತಪ್ಪನ್ನು ಕಂಡೂ ಸುಮ್ಮನಿರುವವನು ಆ ತಪ್ಪಿನ ಪಾಲುದಾರ ಎಂಬುದನ್ನು ವಿದ್ಯಾರ್ಥಿಯಾಗಿದ್ದಾಗ ಸಂಘಟನೆಯೊಂದರ ಅಧ್ಯಯನ ಶಿಬಿರದಲ್ಲಿ ಕಲಿತೆ. ಅಂದಿನಿಂದ ಯಾವ ತಪ್ಪಿನಲ್ಲೂ ನನಗೆ ಪಾಲಿಲ್ಲ. ನನ್ನ ಹೆಂಡತಿ ಸುನಂದಾ, ನಾನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ, "ಇವತ್ತು ಯಾರು ಯಾರು ಸಿಕ್ಕಿದ್ರು ನಿಮ್ಮ ಬಾಯಿಗೆ?" ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ. ಆಕೆ ಅಷ್ಟರಲ್ಲಿ ಅಕ್ಕಿ ಆರಿಸಿ ಮುಗಿಸುತ್ತಾಳೆ. ಇಷ್ಟು ವರ್ಷಗಳ ಸಿಟ್ಟುಗಳಲ್ಲಿ ಅತ್ಯಂತ ತಾತ್ವಿಕವೂ ಅತ್ಯಂತ ದೀರ್ಘವೂ ಅತ್ಯಂತ ನಿಷ್ಪ್ರಯೋಜಕವೂ ಆದ ಒಂದು ಸಿಟ್ಟಿನ ವಿಷಯವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಅದು ಒಂದು ಕಂಪ್ಯೂಟರಿನ ಮೇಲೆ ಬಂದದ್ದು, ಹನ್ನೊಂದು ದಿನ ಇದ್ದದ್ದು.

ನಾನು ಬಂಟ್ವಾಳ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ, ರಜೆಯಲ್ಲಾದರೆ ಮಧ್ಯಾಹ್ನದಿಂದಲೇ, ಫರಂಗಿಪೇಟೆಯಲ್ಲಿ ಹಗ್ಗ ಮತ್ತು ಬಕೆಟು ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಗೆಳೆಯರ ಬಳಗ ನಡೆಸುವ ವಾಚನಾಲಯವನ್ನು ನೋಡಿಕೊಳ್ಳುತ್ತೇನೆ. ಅಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಓದು ಬರಹದ ತರಗತಿ. ಅವರು ಮೊರ, ಎಲೆ, ಹೊಗೆಸೊಪ್ಪು, ನೂಲು ಸಮೇತ ಬಂದು ಗೋಡೆಗೊರಗಿ ಕುಳಿತು, ಕೈ ನಿಲ್ಲಿಸದೆ ಪಾಠ ಕೇಳುತ್ತಾರೆ. ಬರೆಯುವ ಸರದಿ ಬಂದವರು ಮಾತ್ರ ಮೊರವನ್ನು ಪಕ್ಕದವರ ಮಡಿಲಿಗೆ ಸರಿಸುತ್ತಾರೆ. ದುಡಿಮೆಯಿಂದ ಒಂದು ಗಂಟೆಯ ಬಿಡುವನ್ನೂ ಕೊಡದ ಈ ವ್ಯವಸ್ಥೆಯ ಬಗ್ಗೆ ನಾನು ಅವರಿಗೆ ಅನೇಕ ಬಾರಿ ವಿವರಿಸಿದ್ದೇನೆ. ಅವರು ಕಟ್ಟುತ್ತ ಕೇಳಿದ್ದಾರೆ.

ವಾಚನಾಲಯಕ್ಕೆ ಎರಡು ಸಾವಿರದ ಐದರ ಸುಮಾರಿಗೆ ಒಂದು ಹಳೆಯ ಕಂಪ್ಯೂಟರು ದಾನವಾಗಿ ಬಂತು. ಅದರೊಳಗೆ ಏನು ಹಾಕುವುದು ಎಂಬ ಪ್ರಶ್ನೆ ಎದ್ದಾಗ ನಮ್ಮ ಬಳಗದ ಹಲವರು, "ಎಲ್ಲರೂ ಹಾಕುವುದನ್ನೇ ಹಾಕುವ, ಸೀಡಿ ಎಲ್ಲಿಯೂ ಸಿಗ್ತದೆ" ಎಂದರು. ನಮ್ಮ ತಾಲೂಕಿನಲ್ಲಿ ಆಗ ತಂತ್ರಾಂಶವನ್ನು ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತಂದಷ್ಟೇ ಸಹಜವಾಗಿ ತರುತ್ತಿದ್ದರು. ನಾನು ಎದ್ದು ನಿಂತೆ. ಕದ್ದ ಸರಕಿನ ಮೇಲೆ ಅಕ್ಷರ ಕಲಿಸುವುದು ಅನೈತಿಕ, ಕೊಂಡ ಸರಕಿನ ಮೇಲೆ ಕಲಿಸುವುದು ಪರಾವಲಂಬನೆ. ಆದ್ದರಿಂದ ಜಗತ್ತಿನ ಸಾವಿರಾರು ಜನ ಸೇರಿ ಕಟ್ಟಿದ, ಒಳಗಿನ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದಾದ ಲಿನಕ್ಸೇ ನಮ್ಮದಾಗಬೇಕು ಎಂದು ಮುಕ್ಕಾಲು ಗಂಟೆ ಪ್ರತಿಪಾದಿಸಿದೆ. ಅದರ ಒಂದು ಸಾಲನ್ನೂ ಓದಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ ಎಂಬುದು ಬೇರೆ ಮಾತು. ಓದುವ ಹಕ್ಕು ಇತ್ತು, ಹಕ್ಕು ಮುಖ್ಯ.

ಯಂತ್ರದ ಸ್ವಂತ ಚಿತ್ರಶಕ್ತಿ ಬಹಳ ದುರ್ಬಲವಾಗಿತ್ತು. ಅಕ್ಷರಗಳು ಜ್ವರ ಬಂದವರಂತೆ ನಡುಗುತ್ತಿದ್ದವು. ಎಲೆ ಕತ್ತರಿಸಿ ಕತ್ತರಿಸಿ ಮೊದಲೇ ಸೋತಿದ್ದ ಹೆಂಗಸರ ಕಣ್ಣಿಗೆ ಅದು ಶಿಕ್ಷೆ. ಕನ್ಯಾನದ ಒಬ್ಬ ಹಿತೈಷಿ ಗಲ್ಫಿನಿಂದ ರಜೆಯಲ್ಲಿ ಬರುವಾಗ ಪರದೆಗೆ ಚಿತ್ರ ಕಳಿಸುವ ಒಂದು ಗ್ರಾಫಿಕ್ಸ್ ಕಾರ್ಡನ್ನು ತಮ್ಮ ಅಂಗಿಗಳ ನಡುವೆ ಇಟ್ಟು ತಂದುಕೊಟ್ಟರು. ಅದೇ ಪೆಟ್ಟಿಗೆಯಲ್ಲಿ ಅತ್ತರಿನ ಬಾಟಲಿಗಳೂ ಇದ್ದುದರಿಂದ ನಮ್ಮ ಕಂಪ್ಯೂಟರು ಬಿಸಿಯಾದಾಗಲೆಲ್ಲ ಮೊದಲ ಒಂದು ತಿಂಗಳು ಮದುವೆ ಮನೆಯ ಪರಿಮಳ ಬರುತ್ತಿತ್ತು. ಪರಿಚಯದ ಎಂಜಿನಿಯರೊಬ್ಬರು ಬಂದು ಕಾರ್ಡನ್ನು ಕೂರಿಸಿ, ಯಂತ್ರದೊಳಗಿನ ಕಡತವೊಂದರಲ್ಲಿ ಬರೆಯಬೇಕಾದದ್ದನ್ನು ಬರೆದು, "ಇನ್ನು ಯಾರೂ ಮುಟ್ಟಬೇಡಿ" ಎಂದು ಹೇಳಿ ಹೋದರು. ಅಕ್ಷರಗಳು ನಿಂತವು. ದೊಡ್ಡದಾದವು.

ಆ ದೊಡ್ಡ ಅಕ್ಷರಗಳನ್ನು ಎಲ್ಲರಿಗಿಂತ ಹೆಚ್ಚು ಬಳಸಿದವರು ನೆಬೀಸ. ವಾಚನಾಲಯದ ಹಿಂದಿನ ಮನೆಯವರು, ನಲವತ್ತು ದಾಟಿದ ಮೇಲೆ ನಮ್ಮಲ್ಲಿ ಅ ಆ ಬರೆದವರು. ನಾವು ಹೆಂಗಸರ ಬರಹಗಳ ಒಂದು ಪುಸ್ತಿಕೆ ತರುವುದೆಂದು ತೀರ್ಮಾನಿಸಿದಾಗ ಉಳಿದವರು ಪುಸ್ತಕದ ಹಾಳೆಯಲ್ಲಿ ಅರ್ಧ, ಒಂದು ಪುಟ ಬರೆದುಕೊಟ್ಟರು. ನೆಬೀಸ ಮಾತ್ರ ನೇರ ಕಂಪ್ಯೂಟರಿನ ಮುಂದೆ ಕುಳಿತರು. ಒಂದು ಬೆರಳಿನಿಂದ, ದಿನಕ್ಕೆ ಏಳೆಂಟು ಸಾಲಿನಂತೆ, ತಮ್ಮ ಬದುಕನ್ನು ಹತ್ತೊಂಬತ್ತು ಪುಟಗಳಷ್ಟು ಬರೆದರು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ. ಪುಸ್ತಿಕೆ ಮೇ ತಿಂಗಳ ಕೊನೆಗೆ ಬಂಟ್ವಾಳದ ಪ್ರೆಸ್ಸಿಗೆ ಹೋಗಬೇಕು, ಜೂನ್ ಮೊದಲ ಭಾನುವಾರ ಬಿಡುಗಡೆ. ಅಷ್ಟರಲ್ಲಿ, ಮೇ ನಡುವೆ, ಪರದೆ ಕಪ್ಪಾಯಿತು.

ಕಪ್ಪಾದ ಬಗೆಯನ್ನು ಹೇಳಬೇಕು. ನಮ್ಮ ಕಡೆ ಮಳೆಗಾಲಕ್ಕೆ ಮೊದಲಿನ ಗುಡುಗು ಸಿಡಿಲು ಪ್ರತಿ ವರ್ಷ ಎಷ್ಟೋ ಮನೆಗಳ ಟೀವಿ, ಫೋನು ಸುಟ್ಟುಹಾಕುತ್ತದೆ. ಆದ್ದರಿಂದ ನಾನು ಗೋಡೆಗೆ ಒಂದು ಫಲಕ ಬರೆದು ಹಾಕಿದ್ದೆ: 'ಗುಡುಗು ಕೇಳಿದ ಕೂಡಲೇ ಕಂಪ್ಯೂಟರಿನ ಎಲ್ಲ ತಂತಿಗಳನ್ನು ಕಳಚಿರಿ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಿರಿ. ವಿನಾಯಿತಿ ಇಲ್ಲ.' ಈ ಕಳಚುವ ಜೋಡಿಸುವ ಕೆಲಸ ನೆಬೀಸರದ್ದು. ಅವರು ತಂಗಿಯ ಮಗಳ ಮದುವೆಗೆಂದು ಕಕ್ಕಿಂಜೆಗೆ ಹೋಗಿದ್ದ ಮೂರು ದಿನಗಳಲ್ಲಿ ಒಂದು ಸಂಜೆ ಗುಡುಗಿತು. ನಾನೇ ಎಲ್ಲವನ್ನೂ ಕಳಚಿದೆ. ಮರುದಿನ ನಾನೇ ಜೋಡಿಸಿದೆ, ತಿರುಪುಗಳನ್ನು ಬಿಗಿ ಮಾಡಿದೆ, ಗುಂಡಿ ಒತ್ತಿದೆ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರಗಳ ಸಾಲುಗಳು ಎಂದಿನಂತೆ ಸರಸರನೆ ಮೇಲಕ್ಕೆ ಓಡಿದವು. ಅವು ಮುಗಿದು ಬಣ್ಣದ ಚಿತ್ರ ಬರಬೇಕಾದ ಹೊತ್ತಿಗೆ ಪರದೆ ಕತ್ತಲಾಯಿತು. ಹಾಗೆಯೇ ಉಳಿಯಿತು.

ವಿಜ್ಞಾನದ ಮೇಷ್ಟ್ರಾದ ನಾನು ಗಾಬರಿಯಾಗಲಿಲ್ಲ, ನೇರವಾಗಿ ಸಿಟ್ಟಾದೆ. ಒಂದು ಹಂತದವರೆಗೆ ಅಕ್ಷರ ಕಾಣುತ್ತದೆ, ಆಮೇಲೆ ಇಲ್ಲ ಎಂದರೆ ಕಾರ್ಡನ್ನು ಲಿನಕ್ಸು ಗುರುತಿಸುತ್ತಿಲ್ಲ ಎಂದರ್ಥ. ಏಕೆ ಗುರುತಿಸುತ್ತಿಲ್ಲ? ಕಾರ್ಡು ಮಾಡಿದ ಕಂಪನಿ ತನ್ನ ಒಳಗುಟ್ಟನ್ನು ಬಿಟ್ಟುಕೊಡದಿರುವುದರಿಂದ. ಏಕೆ ಬಿಟ್ಟುಕೊಡುವುದಿಲ್ಲ? ಲಾಭಕೋರತನ. ಹತ್ತು ನಿಮಿಷದೊಳಗೆ ನಾನು ಫರಂಗಿಪೇಟೆಯ ಮೇಜಿನಿಂದ ಜಾಗತಿಕ ಬಂಡವಾಳದವರೆಗೆ ತಲುಪಿದ್ದೆ. ಹಿಂದಿರುಗಿ ಮೇಜಿನ ಹಿಂಬದಿಯನ್ನು ನೋಡುವ ಅಗತ್ಯ ಕಾಣಲಿಲ್ಲ.

ಒಂದು ದಪ್ಪ ಕೈಪಿಡಿ ಇತ್ತು, ಇಂಗ್ಲಿಷಿನದು. ಅದು ಇಂಗ್ಲಿಷಿನಲ್ಲಿರುವುದರ ಬಗ್ಗೆ ಮೊದಲು ಅರ್ಧ ದಿನ ಸಿಟ್ಟಾಗಿ, ಆಮೇಲೆ ಓದಿದೆ. ಅದರಲ್ಲಿ ಹೇಳಿದಂತೆ, ಯಂತ್ರವನ್ನು ಬಣ್ಣದ ಹಂತಕ್ಕೆ ಮೊದಲೇ ನಿಲ್ಲಿಸಿ, ಒಳಗೆ ಏನೇನಿದೆ ಎಂದು ಕೇಳುವ ಆಜ್ಞೆಯನ್ನು ಬಿಳಿ ಅಕ್ಷರಗಳ ಪರದೆಯಲ್ಲಿ ಕೊಟ್ಟೆ. ಆ ಪರದೆಗೆ ಕನ್ನಡ ಬಾರದು, ನೆಬೀಸರ ಬರಹ ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಅದು ಪಟ್ಟಿ ಕೊಟ್ಟಿತು. ಪಟ್ಟಿಯಲ್ಲಿ ಚಿತ್ರ ತೋರಿಸುವ ಸಾಧನಗಳು ಎರಡು! ನಮ್ಮಲ್ಲಿರುವುದು ಒಂದು ಕಾರ್ಡು, ಯಂತ್ರ ಎರಡೆನ್ನುತ್ತಿದೆ. ಇಲ್ಲದ್ದನ್ನು ಕಾಣುತ್ತದೆ, ಇರುವುದನ್ನು ಕಾಣುವುದಿಲ್ಲ ಎಂದು ಸುನಂದಾಳಲ್ಲಿ ಹೇಳಿದೆ. "ಕೆಲವರು ಹಾಗೆಯೇ ಇರ್ತಾರೆ" ಎಂದಳು. ಯಂತ್ರ ತನ್ನ ದಿನಚರಿಯನ್ನು ಬರೆದಿಡುವ ಒಂದು ಕಡತ ಉಂಟೆಂದು ಕೈಪಿಡಿ ತಿಳಿಸಿತು. ತೆರೆದೆ. ಸುಮಾರು ಐನೂರು ಸಾಲು. ಕಾರ್ಡು ಸಿಕ್ಕಿದೆ, ಚಾಲನೆಯಾಗಿದೆ, ಎಲ್ಲವೂ ಸುಸೂತ್ರ ಎಂದು ಪುಟಗಟ್ಟಲೆ ಬರೆದುಕೊಂಡಿದ್ದ ಆ ಕಡತ, ನಡುವೆ ಒಂದು ಕಡೆ ಮಾತ್ರ, ಈ ಕಾರ್ಡಿಗೆ ಯಾವ ಪರದೆಯೂ ಜೋಡಣೆಯಾದಂತೆ ಕಾಣುವುದಿಲ್ಲ ಎಂದು ಹೇಳಿತ್ತು.

ಇದನ್ನು ಓದಿದಾಗ ಬಂದ ಸಿಟ್ಟನ್ನು ಈಗಲೂ ವರ್ಣಿಸಲಾರೆ. ಪರದೆ ನನ್ನ ಮೂಗಿನ ಮುಂದೆ ಇತ್ತು. ಪರದೆ ಇಲ್ಲ ಎಂಬ ವಾಕ್ಯವನ್ನು ನಾನು ಆ ಪರದೆಯ ಮೇಲೆಯೇ ಓದುತ್ತಿದ್ದೆ! ಮರುದಿನ ಬಿ.ಸಿ. ರೋಡಿನ ಸೈಬರ್ ಕೆಫೆಗೆ ಹೋಗಿ, ಲಿನಕ್ಸ್ ಬಳಸುವವರು ಪರಸ್ಪರ ಸಲಹೆ ಕೇಳುವ ಒಂದು ಮಿಂಚಂಚೆ ಕೂಟಕ್ಕೆ, ಕಣ್ಣೆದುರಿನ ವಾಸ್ತವವನ್ನು ನಿರಾಕರಿಸುವ ತಂತ್ರಾಂಶದ ಬಗ್ಗೆ ದೀರ್ಘವಾದ ಪ್ರತಿಭಟನಾ ಪತ್ರ ಬರೆದೆ. ಶ್ರಮಿಕ ಮಹಿಳೆಯೊಬ್ಬರ ಆತ್ಮಕಥನ ಇದರಿಂದ ಒತ್ತೆಯಾಗಿರುವುದನ್ನೂ ತಿಳಿಸಿದೆ. ಎರಡು ದಿನ ಬಿಟ್ಟು ಒಬ್ಬನೇ ಒಬ್ಬ ಉತ್ತರ ಬರೆದಿದ್ದ, ಒಂದೇ ಸಾಲು: 'ಪರದೆಯ ಕೇಬಲ್ಲನ್ನು ಒಮ್ಮೆ ನೋಡಿ.'

ಹದಿನೆಂಟು ವರ್ಷ ವಿದ್ಯುತ್ತು, ಕಾಂತತ್ವ ಪಾಠ ಮಾಡಿದ ಮನುಷ್ಯನಿಗೆ ಕೇಬಲ್ಲು ನೋಡು ಎನ್ನುವುದು! ಹೋಗಿ ನೋಡಿದೆ, ನೋಡಲಿಲ್ಲವೆಂದಲ್ಲ. ಕೇಬಲ್ಲು ಬಿಗಿಯಾಗಿ ಕುಳಿತಿತ್ತು, ಎರಡೂ ತಿರುಪು ಗಟ್ಟಿಯಾಗಿದ್ದವು, ಎಳೆದರೆ ಕಂಪ್ಯೂಟರೇ ಜೊತೆಗೆ ಬಂತು. ಮರಳಿ ಬಿ.ಸಿ. ರೋಡಿಗೆ ಹೋಗಿ ಆತನಿಗೆ ಮೂರು ಪ್ಯಾರಾ ಉತ್ತರ ಬರೆದೆ. ಹಳ್ಳಿಯ ಬಳಕೆದಾರರೆಂದರೆ ಕೇಬಲ್ಲು ಸಿಕ್ಕಿಸಲೂ ಬಾರದವರು ಎಂದು ಭಾವಿಸುವ ನಗರದ ಮೇಲರಿಮೆಯನ್ನು ಅದರಲ್ಲಿ ಖಂಡಿಸಿದೆ. ಆತ ಮತ್ತೆ ಬರೆಯಲಿಲ್ಲ. ನಾನು ಅದನ್ನು ನೈತಿಕ ಗೆಲುವೆಂದು ಭಾವಿಸಿದೆ.

ಆರನೆಯ ದಿನ ಸುನಂದಾ, "ಮೂಡುಬಿದಿರೆಯ ಸುಧಾಕರನಿಗೆ ಒಮ್ಮೆ ತೋರಿಸಿ ಮಾರಾಯ್ರೆ, ನಿಮ್ಮ ಸಿಟ್ಟಿನಿಂದ ಮನೆಯ ಹಾಲು ಒಡೆಯುವ ಹಾಗೆ ಆಗಿದೆ" ಎಂದಳು. ಸುಧಾಕರ ಅವಳ ಊರಿನವನು, ಮೂಡುಬಿದಿರೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟವನು. ಪರದೆಯನ್ನು ವಾಚನಾಲಯದಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಹಳೆಯ ಹಾಸುಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಕಂಡಕ್ಟರು ಬಗ್ಗಿ ನೋಡಿದ.

"ಏನು ಮಾಸ್ಟ್ರೆ, ಟೀವಿಯಾ?"

"ಅಲ್ಲ. ಕಂಪ್ಯೂಟರು."

"ಹೋಗಿದೆಯಾ?"

"ಜೀವ ಉಂಟು. ಮುಖ ಇಲ್ಲ."

"ಹಾಗಾದ್ರೆ ಮಡಿಲಲ್ಲೇ ಇರ್ಲಿ" ಎಂದು ಆತ ಗಂಭೀರವಾಗಿ ಮುಂದೆ ಹೋದ.

ಸುಧಾಕರ ಒಳಗೆ ಲಿನಕ್ಸ್ ಇರುವುದೆಂದು ಕೇಳಿ ಮೂಗು ಮುರಿದ. "ಇದೆಲ್ಲ ಯಾಕೆ ಸರ್ ನಿಮಗೆ? ಎಲ್ಲರ ಹಾಗೆ ಮಾಡಿದ್ರೆ ಆಗುವುದಿಲ್ಲವಾ? ನಾನು ಹಾಕಿ ಕೊಡ್ತೇನೆ, ಅರ್ಧ ಗಂಟೆ ಸಾಕು." ಕದ್ದ ತಂತ್ರಾಂಶದ ಬಗ್ಗೆ ಅವನಿಗೆ ಒಂದು ತಿಳುವಳಿಕೆ ಕೊಡುವುದು ನನ್ನ ಕರ್ತವ್ಯವಾಯಿತು. ನಾನು ಹೇಳುತ್ತಿದ್ದಂತೆ ಆತ ಪೆಟ್ಟಿಗೆಯನ್ನು ತನ್ನ ಅಂಗಡಿಯ ಪರದೆಗೆ ಜೋಡಿಸಿ ಗುಂಡಿ ಒತ್ತಿದ. ಬಿಳಿ ಸಾಲುಗಳು ಓಡಿದವು. ಆಮೇಲೆ ನೀಲಿ ಬಣ್ಣದ ಪರದೆ, ನಮ್ಮ ವಾಚನಾಲಯದ ಹೆಸರು, ಎಲ್ಲವೂ ಅಚ್ಚುಕಟ್ಟಾಗಿ ಮೂಡಿ ನಿಂತವು.

"ಸರಿ ಉಂಟಲ್ಲ ಸರ್. ಇದಕ್ಕೆ ಏನಾಗಿದೆ?"

ನಾನು ಗೆದ್ದವನಂತೆ ನೋಡಿದೆ. ನೋಡಿದೆಯಾ, ಲಿನಕ್ಸಿನದ್ದು ಏನೂ ತಪ್ಪಿಲ್ಲ, ಸ್ವತಂತ್ರ ತಂತ್ರಾಂಶವನ್ನು ಹೀಗಳೆಯುವ ಮೊದಲು ಯೋಚಿಸಬೇಕು ಎಂದು ಬಸ್ಸಿನ ಹೊತ್ತಾಗುವವರೆಗೆ ಹೇಳಿ, ಪೆಟ್ಟಿಗೆಯನ್ನು ಮತ್ತೆ ಸುತ್ತಿ ಹೊರಟೆ. ವಾಚನಾಲಯಕ್ಕೆ ಬಂದು ಜೋಡಿಸಿದೆ. ಬಿಳಿ ಸಾಲುಗಳು ಓಡಿದವು. ಕತ್ತಲೆ.

ಕಕ್ಕಿಂಜೆಯಿಂದ ಬಂದು ಮೂರು ದಿನವಾಗಿದ್ದ ನೆಬೀಸ ಬಾಗಿಲ ಬಳಿ ಮೊರ ಹಿಡಿದು ನಿಂತಿದ್ದರು. ದಿನವೂ ಬಂದು ಏನಾಯಿತೆಂದು ನೋಡುತ್ತಿದ್ದರು. ಇದು ತಾಂತ್ರಿಕ ವಿಷಯ, ನೀವು ಕುಳಿತಿರಿ ಎಂದು ನಾನು ದಿನವೂ ಕೂರಿಸುತ್ತಿದ್ದೆ.

"ಸಾರ್, ಅಲ್ಲಿ ಬಂದದ್ದಾ ಬಣ್ಣ?"

"ಬಂತು. ಮೂಡುಬಿದಿರೆಯಲ್ಲಿ ಸ್ಪಷ್ಟವಾಗಿ ಬಂತು. ಇಲ್ಲಿ ಬರುವುದಿಲ್ಲ. ಇದು ನಮ್ಮ ಊರಿನ ವಿದ್ಯುತ್ತಿನ ಮಟ್ಟ. ಗ್ರಾಮೀಣ ಪ್ರದೇಶಗಳ ಬಗ್ಗೆ ಇಲಾಖೆಗಿರುವ ಧೋರಣೆಯನ್ನು ನೀವು ಗಮನಿಸಬೇಕು…"

"ಹೌದಾ ಸಾರ್." ಅವರು ಮೊರವನ್ನು ಸೊಂಟಕ್ಕೆ ಒತ್ತಿ ಹಿಡಿದರು. "ಹಾಗಾದ್ರೆ ಅಲ್ಲಿ ಬಂದಾಗ ನಾನು ಬರೆದದ್ದನ್ನು ತೆಗ್ದು ತಂದ್ರಾ?"

ಹತ್ತೊಂಬತ್ತು ಪುಟಗಳು ಆ ನೀಲಿ ಪರದೆಯ ಒಂದು ಗುಂಡಿಯಾಚೆಗೆ ಇದ್ದವು. ಅಂಗಡಿಯಲ್ಲಿ ಪ್ರಿಂಟರು ಇತ್ತು, ಸೀಡಿ ಇತ್ತು, ಅರ್ಧ ಗಂಟೆ ಹೊತ್ತೂ ಇತ್ತು. ಆ ಅರ್ಧ ಗಂಟೆಯನ್ನು ನಾನು ಸ್ವಾತಂತ್ರ್ಯದ ಬಗ್ಗೆ ಮಾತಾಡಲು ಬಳಸಿದ್ದೆ. ನೆಬೀಸ ಗೋಡೆಯ ಬದಿಗೆ ಹೋಗಿ ಕುಳಿತು ಎಲೆ ಕತ್ತರಿಸತೊಡಗಿದರು. ಆ ಕತ್ತರಿಯ ಸದ್ದು ನನಗೆ ಯಾವ ಬೈಗುಳಕ್ಕಿಂತಲೂ ಹೆಚ್ಚಾಗಿ ತಾಗಿತು. ಅದಕ್ಕೆ ಪರಿಹಾರವಾಗಿ ವಿದ್ಯುತ್ ಇಲಾಖೆಗೆ ಒಂದು ಮನವಿ ಬರೆದೆ.

ಮತ್ತೆ ಮೂಡುಬಿದಿರೆಗೆ ಹೋಗುವುದೆಂದು ಸುಧಾಕರನಿಗೆ ಫೋನು ಮಾಡಿದರೆ ಆತ ಅಂಗಡಿ ಮುಚ್ಚಿ ಬೆಳ್ತಂಗಡಿಯ ಹೆಂಡತಿ ಮನೆಗೆ ಹೊರಟಿದ್ದ. "ಶನಿವಾರ ತಿರುಗಿ ಬರುವಾಗ ನಿಮ್ಮಲ್ಲಿಗೆ ಬಂದು ಹೋಗ್ತೇನೆ ಸರ್. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕುವ. ಒಳಗಿದ್ದದ್ದೆಲ್ಲ ಹೋಗ್ತದೆ ಮಾತ್ರ. ನಿಮ್ಮ ಲಿನಕ್ಸಿನ ಡಿಸ್ಕಿನಿಂದ ತೆಗೆಯುವುದೆಲ್ಲ ನನಗೆ ಗೊತ್ತಿಲ್ಲ." ಪ್ರೆಸ್ಸಿಗೆ ಕೊಡಬೇಕಾದದ್ದು ಸೋಮವಾರ. ನಾನು ಯೋಚಿಸಿದೆ, ಒಪ್ಪಿದೆ. ಏಕೆ ಒಪ್ಪಿದೆ ಎಂಬುದನ್ನು ಇಲ್ಲಿ ಮರೆಮಾಚಬಾರದು. ಅಕ್ಷರ ತಿದ್ದುವಾಗ ನೆಬೀಸರ ಬರಹವನ್ನು ಅಲ್ಲಲ್ಲಿ ಓದಿದ್ದೆ, ಅವರ ಬದುಕು ಗೊತ್ತಿತ್ತು. ನಾನೇ ಕುಳಿತರೆ ಎರಡು ದಿನದಲ್ಲಿ, ಇನ್ನೂ ಸುಸಂಬದ್ಧವಾಗಿ, ಶೋಷಣೆಯ ಹಿನ್ನೆಲೆಯೊಂದಿಗೆ ಬರೆಯಬಲ್ಲೆ ಎಂದು ನನಗೆ ತೋರಿತ್ತು. ಇದನ್ನು ಒಂದು ಉಪಕಾರವೆಂಬಂತೆ ನೆಬೀಸರಿಗೆ ತಿಳಿಸಿದೆ.

ಅವರು ನೂಲು ಸುತ್ತುತ್ತಿದ್ದ ಬೀಡಿಯನ್ನು ಮುಗಿಸಿ ಮೊರದಲ್ಲಿಟ್ಟರು. "ನೀವು ಬರೆದ್ರೆ ಅದು ನಿಮ್ಮದಾಗ್ತದಲ್ಲ ಸಾರ್?"

"ಹೆಸರು ನಿಮ್ಮದೇ ಇರುತ್ತದೆ."

"ಹೆಸರು ಮೊದಲೂ ನನ್ನದೇ ಇತ್ತು. ಹೆಬ್ಬೆಟ್ಟು ಒತ್ತುವಾಗಲೂ ಬದಿಯಲ್ಲಿ ಯಾರಾದ್ರೂ ನನ್ನ ಹೆಸರೇ ಬರೀತಿದ್ರು." ಮತ್ತೊಂದು ಎಲೆ ತೆಗೆದರು. "ಬೇಡ ಸಾರ್. ಹೋದ್ರೆ ಹೋಗ್ಲಿ. ನೀವು ಬರೀಬೇಡಿ."

ಮನೆಗೆ ಬಂದು ಇದನ್ನು ಸುನಂದಾಳಿಗೆ ಹೇಳಿದೆ, ಅವರ ನಿರಾಕರಣೆ ಅಭಿಮಾನದ್ದಾದರೂ ಕಾರ್ಯಸಾಧ್ಯವಲ್ಲ ಎಂದೆ. ಅವಳು ಆ ದಿನ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಆ ಹೆಂಗಸು ಒಂದು ಬೆರಳಲ್ಲಿ ಅಷ್ಟೂ ಬರೆದದ್ದು. ನೀವು ಹತ್ತು ಬೆರಳಲ್ಲಿ ಅಳಿಸ್ಲಿಕ್ಕೆ ಹೊರಟಿದ್ದೀರಿ" ಎಂದಳು. ಇಷ್ಟು ವರ್ಷಗಳಲ್ಲಿ ಅವಳು ನನ್ನ ಮೇಲೆ ಸಿಟ್ಟಾದದ್ದು ಕಡಿಮೆ. ಸಿಟ್ಟು ಅವಳ ಮುಖಕ್ಕೆ ಚೆನ್ನಾಗಿ ಒಪ್ಪುತ್ತದೆ, ನನ್ನದಕ್ಕೆ ಒಪ್ಪುವುದಿಲ್ಲ ಎಂದು ಆಗ ಮೊದಲ ಬಾರಿಗೆ ಅನ್ನಿಸಿತು.

ಹನ್ನೊಂದನೆಯ ದಿನ, ಶುಕ್ರವಾರ. ಮಧ್ಯಾಹ್ನ ಮೂರೂವರೆಯ ಹೊತ್ತು. ಏಳೆಂಟು ಹೆಂಗಸರು ಮೊರದ ಮುಂದೆ, ನಾನು ಕಪ್ಪು ಪರದೆಯ ಮುಂದೆ. ಸುನಂದಾ, ನನ್ನ ಮೇಲೆ ನಂಬಿಕೆ ಇಲ್ಲದೆಯೋ ಏನೋ, ಆ ದಿನ ತಾನೂ ಬಂದು ಕುಳಿತಿದ್ದಳು. ಪೂರ್ವದ ಕಡೆಯಿಂದ ಮೊದಲ ಗುಡುಗು ಉರುಳಿತು. ನೆಬೀಸ ಮೊರ ಕೆಳಗಿಟ್ಟು ಎದ್ದರು. ಹೇಗೂ ನಾಳೆ ಅಳಿಸಿಹೋಗುವ ಯಂತ್ರವಾದರೂ ನಿಯಮ ನಿಯಮವೇ. ಮೇಜನ್ನು ಗೋಡೆಯಿಂದ ಎಳೆದು ತಂತಿ ಕಳಚಲು ಹಿಂಬದಿಗೆ ಹೋದರು. ಅಲ್ಲಿಂದ ಮಾತು ಕೇಳಿತು.

"ಸಾರ್, ಇಲ್ಲಿ ಒಂದು ನೂಲು ಕಟ್ಟಿದ್ದೆ. ಯಾರು ತೆಗ್ದದ್ದು?"

ಕೋಣೆಯಲ್ಲಿ ಅಷ್ಟೂ ಕತ್ತರಿಗಳು ನಿಂತವು. ಎಲ್ಲರೂ ನನ್ನನ್ನು ನೋಡಿದರು.

ಓದುಗರಲ್ಲಿ ನಾನು ಒಂದು ಸಂಗತಿ ಹೇಳದೆ ಬಿಟ್ಟಿದ್ದೇನೆ. ಆವರೆಗೆ ಅದೊಂದು ಸಂಗತಿಯೆಂದೇ ನನಗೆ ಗೊತ್ತಿರಲಿಲ್ಲ. ನೆಬೀಸ ಮದುವೆಗೆ ಹೋದ ಮರುದಿನ ನಾನು ಕಂಪ್ಯೂಟರಿನ ಧೂಳು ಒರೆಸುವಾಗ, ಹಿಂಬದಿಯಲ್ಲಿ ಕೆಳಗಡೆ ಅಡ್ಡಲಾಗಿರುವ ಒಂದು ತೂತಿನ ತಿರುಪಿಗೆ ಕೆಂಪು ನೂಲೊಂದನ್ನು ಕಟ್ಟಿದ್ದು ಕಂಡಿತ್ತು. ಮೂರು ಗಂಟು. ಮಂತ್ರಿಸಿದ ನೂಲು! ದೃಷ್ಟಿಯಾಗದಂತೆ ಯಾರೋ ಕಟ್ಟಿಸಿಕೊಂಡು ಬಂದದ್ದು! ವಿಜ್ಞಾನದ ಶಿಖರದಂತಿರುವ ಯಂತ್ರಕ್ಕೆ, ನನ್ನದೇ ತರಗತಿಯಲ್ಲಿ! ಅಲ್ಲೇ ಎಲ್ಲರನ್ನೂ ಕೂರಿಸಿ ಮೂಢನಂಬಿಕೆಯ ಬಗ್ಗೆ ಮಾತಾಡಿದೆ. ದೇವಸ್ಥಾನದಿಂದ ತರುವ ನೂಲನ್ನೂ ದರ್ಗಾದಿಂದ ತರುವ ನೂಲನ್ನೂ ಯಾವ ಪಕ್ಷಪಾತವೂ ಇಲ್ಲದೆ ಸಮಾನವಾಗಿ ಖಂಡಿಸಿದೆ. ಕೊನೆಗೆ ಬೀಡಿ ಎಲೆಯ ಕತ್ತರಿಯನ್ನೇ ಕೇಳಿ ತೆಗೆದುಕೊಂಡು, ಎಲ್ಲರೂ ನೋಡುವಂತೆ ಅದನ್ನು ಕತ್ತರಿಸಿ ಕಿಟಕಿಯಿಂದ ಹೊರಗೆ ಹಾಕಿದೆ. ಗುಡುಗಿದ್ದು ಆ ಸಂಜೆಯೇ.

"ಅದು… ಮಂತ್ರಿಸಿದ್ದಲ್ಲವೇ?" ಎಂದೆ.

"ಮಂತ್ರಿಸಿದ್ದಾ?" ನೆಬೀಸ ಮೇಜಿನ ಮೇಲಿಂದ ತಲೆ ಎತ್ತಿದರು. "ಬೀಡಿ ಕಟ್ಟುವ ನೂಲು ಸಾರ್. ಇದಕ್ಕೆ ಒಂದೇ ಥರದ್ದು ಎರಡು ತೂತು ಉಂಟಲ್ಲ, ಮೇಲೆ ಒಂದು, ಕೆಳಗೆ ಒಂದು. ಗುಡುಗಿಗೆ ತೆಗ್ದದ್ದನ್ನು ತಿರುಗಿ ಹಾಕುವಾಗ ತಪ್ಪಿ ಹೋಗ್ತದೆ. ಗಲ್ಫಿನ ಕಾರ್ಡಿನದ್ದು ಕೆಳಗಿನದ್ದು. ಅದಕ್ಕೆ ಗುರ್ತಕ್ಕೆ ಕಟ್ಟಿದ್ದು." ಆಮೇಲೆ ಬಗ್ಗಿ ನೋಡಿ, "ನೀವು ಮೇಲಿನದ್ದಕ್ಕೆ ಹಾಕಿದ್ದೀರಿ" ಎಂದರು.

ಮೇಲಿನದ್ದು ಯಂತ್ರದ ಹಳೆಯ, ನಡುಗುವ ಕಣ್ಣು; ಮೊದಲ ಬಿಳಿ ಸಾಲುಗಳನ್ನು ತೋರಿಸುವಷ್ಟಕ್ಕೆ ಮಾತ್ರ ಅದು ಇನ್ನೂ ಎಚ್ಚರವಾಗಿತ್ತು. ಕೀಲಿಮಣೆಯ ತೂತು, ಮೌಸಿನ ತೂತು ಇವುಗಳ ಸಾಲಿನಲ್ಲೇ ನೆಟ್ಟಗೆ ಇದ್ದದ್ದರಿಂದ ತರ್ಕಬದ್ಧ ಮನುಷ್ಯನಾದ ನಾನು ಪ್ರತಿ ಬಾರಿಯೂ ಅಲ್ಲಿಗೇ ಸಿಕ್ಕಿಸಿದ್ದೆ. ಸುಧಾಕರ ಕೆಳಗಿನದ್ದಕ್ಕೆ ಸಿಕ್ಕಿಸಿದ್ದ. ಎರಡು ಸಾಧನಗಳಿವೆ ಎಂದು ಪಟ್ಟಿ ಹೇಳಿದ್ದು ನಿಜ. ಕಾರ್ಡಿಗೆ ಪರದೆ ಜೋಡಣೆಯಾಗಿಲ್ಲ ಎಂದು ಕಡತ ಹೇಳಿದ್ದೂ ನಿಜ. ಕೇಬಲ್ಲು ನೋಡಿ ಎಂದು ಆ ಅಪರಿಚಿತ ನಗರವಾಸಿ ಹೇಳಿದ್ದೂ ನಿಜ. ಹನ್ನೊಂದು ದಿನವೂ ಕಾರ್ಡು ತನ್ನ ಬಣ್ಣದ ಚಿತ್ರವನ್ನು ಯಾರೂ ಇಲ್ಲದ ಬಾಗಿಲಲ್ಲಿ ನಿಂತು ತೋರಿಸುತ್ತಲೇ ಇತ್ತು.

"ಲಲಿತಕ್ಕ," ಎಂದೆ, ಹತ್ತಿರವೇ ಕುಳಿತಿದ್ದ ಹಿರಿಯ ಹೆಂಗಸಿಗೆ, "ನಾನು ನೂಲು ಕತ್ತರಿಸುವಾಗ ನೀವೆಲ್ಲ ಇದ್ದಿರಿ. ಒಬ್ಬರಾದರೂ ಹೇಳಬಾರದಿತ್ತೇ?"

"ಹೇಳ್ಲಿಕ್ಕೆ ಹೊರಟದ್ದು ಸಾರ್. ನೀವು ಆಗ ಎರಡೂ ಧರ್ಮಕ್ಕೆ ಬೈತಾ ಇದ್ರಿ. ಒಂದು ಮುಗಿಯುವಾಗ ಇನ್ನೊಂದು ಸುರು ಮಾಡಿದ್ರಿ. ನಡುವಿನಲ್ಲಿ ಎಲ್ಲಿ ಹೇಳುವುದು?"

ಸುನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹಾರಿ ಹೋಗಿ ಕೇಬಲ್ಲನ್ನು ಹಿಡಿದೆ. "ಒಂದೇ ನಿಮಿಷ ಕೆಳಗಿನದ್ದಕ್ಕೆ ಹಾಕಿ ನೋಡುವ!" ಅಷ್ಟರಲ್ಲಿ ಎರಡನೆಯ ಗುಡುಗು. ನೆಬೀಸ ನನ್ನ ಕೈಯಿಂದ ಕೇಬಲ್ಲನ್ನು ಮೆಲ್ಲನೆ ತೆಗೆದುಕೊಂಡರು.

"ಗುಡುಗು ಹೋಗ್ಲಿ ಸಾರ್."

"ಒಂದು ನಿಮಿಷಕ್ಕೆ ಏನೂ ಆಗುವುದಿಲ್ಲ."

"ವಿನಾಯಿತಿ ಇಲ್ಲ ಅಂತ ಉಂಟು ಗೋಡೆಯಲ್ಲಿ. ನನಗೆ ಓದ್ಲಿಕ್ಕೆ ಬರ್ತದೆ."

ಕಾದೆವು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಮಾತಾಡದೆ ಕುಳಿತದ್ದು ಬೇರೆ ನೆನಪಿಲ್ಲ. ಇಪ್ಪತ್ತು ನಿಮಿಷ ಸುಮ್ಮನಿದ್ದ ಆಕಾಶ ಮತ್ತೆ ಗುಡುಗಿತು; ಅರ್ಧ ಗಂಟೆಯ ಲೆಕ್ಕ ಮೊದಲಿನಿಂದ. ಸಿಟ್ಟಾಗಲು ಯಾರಾದರೂ ಬೇಕೆಂದು ಸುತ್ತ ನೋಡಿದೆ. ಕಂಪನಿ ಇರಲಿಲ್ಲ, ಇಲಾಖೆ ಇರಲಿಲ್ಲ, ನಗರದ ಮೇಲರಿಮೆ ಇರಲಿಲ್ಲ. ಕೈಗೆ ಸಿಗುವಷ್ಟು ಹತ್ತಿರ ಇದ್ದವನು ಒಬ್ಬನೇ. ಅವನ ಮೇಲೆ ಸಿಟ್ಟಾಗುವ ಅಭ್ಯಾಸ ನನಗಿರಲಿಲ್ಲ. ಆ ಒಂದು ಗಂಟೆಯಲ್ಲಿ ಸ್ವಲ್ಪ ಆಯಿತು.

ನಾಲ್ಕೂವರೆಗೆ ನೆಬೀಸ ಎದ್ದು ಎಲ್ಲ ತಂತಿಗಳನ್ನೂ ತಾವೇ ಜೋಡಿಸಿದರು. ನೀಲಿ ಬಂತು. ಅವರ ಕಡತ ತೆರೆಯಿತು. ಅವರು ಬಾಯಿಯಲ್ಲೇ ಎಣಿಸುತ್ತ ಒಂದೊಂದೇ ಪುಟ ಸರಿಸಿ, ಹತ್ತೊಂಬತ್ತಕ್ಕೆ ನಿಲ್ಲಿಸಿ, ತಲೆಯ ಬಟ್ಟೆಯ ತುದಿಯಿಂದ ಪರದೆಯ ಧೂಳನ್ನು ಒರೆಸಿದರು. ಆಮೇಲೆ ಅದೇ ತುದಿಯನ್ನು ಕಣ್ಣಿಗೆ ಒತ್ತಿಕೊಂಡದ್ದು ಧೂಳು ಬಿದ್ದುದರಿಂದ ಇರಬಹುದು. ನಾನು ಸುಧಾಕರನಿಗೆ ಫೋನು ಮಾಡಿ ಬರುವುದು ಬೇಡವೆಂದೆ. ಏನಾಗಿತ್ತು ಎಂದು ಆತ ಕೇಳಿದ. ಸಂಪರ್ಕದ ಒಂದು ಸೂಕ್ಷ್ಮ ದೋಷ ಎಂದೆ.

ಮರುದಿನ ಪ್ರೆಸ್ಸಿಗೆ ಕೊಡುವ ಮೊದಲು ಸಂಪಾದಕನ ನೆಲೆಯಲ್ಲಿ ಇಡೀ ಬರಹವನ್ನು ಓದಿದೆ. ಅಲ್ಲಲ್ಲಿ ಅಲ್ಲ, ಪೂರ್ತಿ. ನಾನು ಬರೆಯುತ್ತಿದ್ದರೆ ಹೀಗೆ ಆಗುತ್ತಿರಲಿಲ್ಲ ಎಂಬುದು ಎರಡನೆಯ ಪುಟಕ್ಕೇ ತಿಳಿಯಿತು. ಹದಿನಾಲ್ಕನೆಯ ಪುಟದಲ್ಲಿ ವಾಚನಾಲಯದ ಕುರಿತು ಹೀಗೆ ಇತ್ತು: 'ನಮ್ಮ ಸಾರ್ ಒಳ್ಳೆಯವರು. ಅವರು ನಮ್ಮ ಕಷ್ಟದ ಬಗ್ಗೆ ಮಾತಾಡುತ್ತಾರೆ. ಅವರ ಒಂದು ಭಾಷಣ ಮುಗಿಯುವಾಗ ನನ್ನದು ನಾಲ್ಕು ಕಟ್ಟು ಬೀಡಿ ಆಗಿರುತ್ತದೆ. ಬೀಡಿ ಕಟ್ಟುವುದರಿಂದ ಆರೋಗ್ಯಕ್ಕೆ ಆಗುವ ತೊಂದರೆಯ ಬಗ್ಗೆ ಅವರು ಮಾತಾಡಿದ ದಿವಸ ಏಳು ಕಟ್ಟು ಆಯಿತು.'

ಅಭಿವ್ಯಕ್ತಿ ಸ್ವಾತಂತ್ರ್ಯದ ಪರವಾಗಿ ನಾನು ಎರಡು ಬಾರಿ ಧರಣಿ ಕುಳಿತವನು. ಆದರೂ ನನ್ನ ಬೆರಳು ಅಳಿಸುವ ಗುಂಡಿಯ ಹತ್ತಿರ ಸುಳಿದದ್ದು ಸತ್ಯ. ಹಿಂದೆ ನಿಂತಿದ್ದ ಸುನಂದಾ, "ಏನು ಹುಡುಕ್ತಾ ಇದ್ದೀರಿ?" ಎಂದಳು. "ಪುಟ ಸಂಖ್ಯೆ ಸರಿ ಉಂಟೋ ನೋಡುತ್ತಿದ್ದೇನೆ" ಎಂದೆ. ಪುಟ ಸಂಖ್ಯೆ ಸರಿಯಾಗಿಯೇ ಇತ್ತು. ಬರಹ ಹಾಗೆಯೇ ಅಚ್ಚಾಯಿತು.

ಜೂನ್ ಮೊದಲ ಭಾನುವಾರ ಅದೇ ಕೋಣೆಯಲ್ಲಿ ಬಿಡುಗಡೆ. ಕೋಣೆ ತುಂಬಿತ್ತು. ನೆಬೀಸ ನಿಂತು ತಮ್ಮ ಬರಹದಿಂದ ಮೂರು ಪುಟ ಓದಿದರು. ಎಲ್ಲಿಯೂ ತಡವರಿಸಲಿಲ್ಲ; ಅವರು ಓದುವಷ್ಟು ಹೊತ್ತು ಒಬ್ಬರ ಕೈಯೂ ಮೊರಕ್ಕೆ ಹೋಗಲಿಲ್ಲ. ಆಮೇಲೆ ಅಧ್ಯಕ್ಷೀಯ ಭಾಷಣಕ್ಕೆ ನನ್ನ ಹೆಸರು ಕರೆದರು. ನಾನು ಆರು ಪುಟಗಳ ಟಿಪ್ಪಣಿ ಹಿಡಿದು ಎದ್ದು ನಿಂತೆ. ನಿಂತ ಕೂಡಲೇ ಕೋಣೆಯ ಉದ್ದಕ್ಕೂ ಒಂದು ಸಣ್ಣ ಗಡಿಬಿಡಿ ಸದ್ದು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಎಲ್ಲ ಹೆಂಗಸರೂ ಮೊರಗಳನ್ನು ಮಡಿಲಿಗೆ ಎಳೆದುಕೊಂಡು, ಎಲೆ ಸರಿಪಡಿಸಿ, ನೂಲಿನ ತುದಿ ಹುಡುಕುತ್ತಿದ್ದರು. ನಾನು ಟಿಪ್ಪಣಿಯನ್ನು ಮಡಚಿ ಜೇಬಿಗೆ ಹಾಕಿದೆ. ಎಲ್ಲರಿಗೂ ವಂದನೆ ಹೇಳಿದೆ, ಬರೆದವರಿಗೆ ಅಭಿನಂದನೆ ಹೇಳಿದೆ, ಕುಳಿತುಬಿಟ್ಟೆ. ಅರ್ಧ ಸುತ್ತಿದ ಬೀಡಿಯನ್ನು ಹಿಡಿದುಕೊಂಡೇ ಲಲಿತಕ್ಕ ಎದ್ದರು.

"ಇದೆಂಥದ್ದು ಸಾರ್? ಇಷ್ಟು ಬೇಗ ಮುಗಿಸಿದ್ರೆ ನಮ್ಮ ಇವತ್ತಿನ ಕಟ್ಟು ಆಗುವುದು ಹೇಗೆ?"

ದುಡಿಯುವವರ ನ್ಯಾಯವಾದ ಬೇಡಿಕೆಯನ್ನು ನಾನು ಈವರೆಗೆ ತಿರಸ್ಕರಿಸಿದವನಲ್ಲ. ಜೇಬಿನಿಂದ ಟಿಪ್ಪಣಿ ತೆಗೆದು ಮತ್ತೆ ಎದ್ದು ನಿಂತೆ.